ನಾಲ್ಕು ತಿಂಗಳು ಹನ್ನೊಂದು ದಿನ

“ಇನ್ನೊಂದ್ಸಲ ಓದೇ. ನಿಧಾನಕ್ಕೆ ಓದು,” ಎಂದಳು ಅತ್ತಿಗೆ.

ನಾದಿನಿ ಮಾಪಿನ ಕೋಲನ್ನು ಗೋಡೆಗೆ ಒರಗಿಸಿ, ಒದ್ದೆ ಕೈಯನ್ನು ನೀಲಿ ಮೇಲಂಗಿಗೆ ಒರೆಸಿಕೊಂಡು, ನೋಟಿಸ್ ಬೋರ್ಡಿನ ಗಾಜಿನ ಹಿಂದಿದ್ದ ಸುತ್ತೋಲೆಯನ್ನು ಮತ್ತೆ ಮೊದಲಿನಿಂದ ಓದಿದಳು. ಹೊಸ ಕಾಯಿದೆ ಬಂದಿತ್ತು. ಸರ್ಕಾರಿ ಕಚೇರಿ, ಶಾಲೆ, ಆಸ್ಪತ್ರೆಗಳಲ್ಲಿ ಹತ್ತು ವರ್ಷ ಎಡೆಬಿಡದೆ ದಿನಗೂಲಿ ಮಾಡಿದವರೆಲ್ಲ ಇನ್ನು ಖಾಯಂ ನೌಕರರು. ಹತ್ತು ತುಂಬದವರು ಮುಂದಿನ ತಿಂಗಳಿಂದ ಗುತ್ತಿಗೆ ಕಂಪನಿಗೆ ಸೇರಬೇಕು. ಕಂಪನಿ ಯಾವ ಮೂಲೆಗೆ ಕಳಿಸಿದರೂ ಹೋಗಬೇಕು, ಆಗುವುದಿಲ್ಲ ಎಂದ ದಿನ ಮನೆಯಲ್ಲಿ ಕೂರಬೇಕು. ನಡುವೆ ಒಂದು ತಿಂಗಳಿಗಿಂತ ಹೆಚ್ಚು ಕೆಲಸ ತಪ್ಪಿಸಿದ್ದರೆ ಅದರ ಹಿಂದಿನ ಸೇವೆ ಲೆಕ್ಕಕ್ಕಿಲ್ಲ, ಮತ್ತೆ ಒಂದರಿಂದ ಎಣಿಕೆ.

ಕೊನೆಯ ಸಾಲಿಗೆ ಬಂದಾಗ ನಾದಿನಿಯ ದನಿ ತಗ್ಗಿತು. ಯಾರಾದರೂ ಬೇರೆಯವರ ಹೆಸರಿನಲ್ಲಿ ದುಡಿದಿದ್ದರೆ ಈಗ ಬಂದು ಹೇಳಬಹುದು. ಯಾರಿಗೂ ಶಿಕ್ಷೆ ಇಲ್ಲ. ಆ ದಿನಗಳು ದುಡಿದವರಿಗೆ ಸೇರುತ್ತವೆ, ಹೆಸರಿದ್ದವರ ಲೆಕ್ಕದಿಂದ ಕಳೆಯಲಾಗುತ್ತದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅತ್ತಿಗೆ ಬಕೆಟ್ ಎತ್ತಿಕೊಂಡಳು. “ನಡಿ, ಡಾಕ್ಟ್ರು ಬರೋ ಹೊತ್ತಾಯ್ತು,” ಎಂದಳು. ಡಾಕ್ಟರು ಬರಲು ಇನ್ನೂ ಮುಕ್ಕಾಲು ಗಂಟೆಯಿತ್ತು.

ಆ ಆಸ್ಪತ್ರೆಯ ಹೊರರೋಗಿಗಳ ಕಟ್ಟಡಕ್ಕೆ ಅವರಿಬ್ಬರೇ ಪೊರಕೆ. ಕೆಳಗಿನ ಅಂತಸ್ತು ಮತ್ತು ಮೆಟ್ಟಿಲು ಅತ್ತಿಗೆಯದು, ಮೇಲಿನ ಅಂತಸ್ತು ನಾದಿನಿಯದು. ಮನೆಯೂ ಒಂದೇ. ಅತ್ತಿಗೆಯ ಗಂಡನಿಗೆ ನಾದಿನಿ ಒಬ್ಬಳೇ ತಂಗಿ. ಅವಳ ಗಂಡ ಇನ್ನೊಂದು ಸಂಸಾರ ಹೂಡಿಕೊಂಡು ಹೋದ ಮೇಲೆ, ಹತ್ತು ತಿಂಗಳ ಮಗಳನ್ನು ಎತ್ತಿಕೊಂಡು ಅಣ್ಣನ ಬಾಗಿಲಿಗೆ ಬಂದಿದ್ದಳು.

ಹಾಗೆ ಬಂದ ವರ್ಷವೇ ಅತ್ತಿಗೆ ಕಾಲು ಮುರಿದುಕೊಂಡದ್ದು. ತಾನೇ ಒರೆಸಿದ ಮೆಟ್ಟಿಲಲ್ಲಿ ತಾನೇ ಜಾರಿದಳು. ‘ಒದ್ದೆ ನೆಲ, ಎಚ್ಚರಿಕೆ’ ಎಂಬ ಹಳದಿ ಫಲಕವನ್ನೂ ತಾನೇ ಇಟ್ಟಿದ್ದಳು. ಬೀಳುವಾಗ ಅದನ್ನೂ ಕೆಡವಿಕೊಂಡು ಬಿದ್ದಳು. ಆಗಿದ್ದ ಮೇಸ್ತ್ರಿ ಮನೆಗೆ ಬಂದು, “ಜಾಗ ಖಾಲಿ ಬಿಟ್ರೆ ಬೇರೆಯವರು ಬಂದು ಕೂತ್ಕೋತಾರೆ. ಮನೆಯಿಂದ ಯಾರನ್ನಾದ್ರೂ ಕಳಿಸಮ್ಮ,” ಎಂದಿದ್ದ. ಅಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಅಕ್ಕನಿಗೆ ಜ್ವರ ಬಂದರೆ ತಂಗಿ, ಅಮ್ಮನಿಗೆ ಸೊಂಟ ಹಿಡಿದರೆ ಸೊಸೆ. ಪೊರಕೆಗೆ ಕೈ ಸಿಕ್ಕಿದರೆ ಸಾಕಿತ್ತು, ಯಾರ ಕೈ ಎಂದು ಯಾರೂ ಕೇಳುತ್ತಿರಲಿಲ್ಲ.

ನಾಲ್ಕು ತಿಂಗಳು ಹನ್ನೊಂದು ದಿನ ನಾದಿನಿ ಹೋಗಿ ಹಾಜರಿ ಪುಸ್ತಕದಲ್ಲಿ ಅತ್ತಿಗೆಯ ಹೆಸರು ಬರೆದು ಗುಡಿಸಿದಳು. ಅವಳ ಮಗಳು ಮನೆಯಲ್ಲಿ ಅತ್ತಿಗೆಯ ಪ್ಲಾಸ್ಟರ್ ಕಾಲನ್ನು ಹಿಡಿದುಕೊಂಡೇ ಎದ್ದು ನಿಲ್ಲಲು ಕಲಿತಳು. ಅತ್ತಿಗೆ ಕುಂಟುತ್ತಾ ಕೆಲಸಕ್ಕೆ ಮರಳಿದ ದಿನ, ಕೆಲಸ ನೋಡಿ ಮೆಚ್ಚಿದ್ದ ಮೇಸ್ತ್ರಿ ನಾದಿನಿಯನ್ನೂ ಅವಳ ಸ್ವಂತ ಹೆಸರಿನಲ್ಲಿ ಸೇರಿಸಿಕೊಂಡ.

ಅಂದಿನಿಂದ ಇಂದಿಗೆ ಒಂಬತ್ತು ವರ್ಷ ಒಂಬತ್ತು ತಿಂಗಳು. ಅದು ನಾದಿನಿಯ ಸೇವೆ. ಅತ್ತಿಗೆಗೆ ಕಾಗದದ ಮೇಲೆ ಹದಿಮೂರು ವರ್ಷ. ಆದರೆ ನಿಜ ಹೇಳಿದರೆ ಆ ನಾಲ್ಕು ತಿಂಗಳು ನಾದಿನಿಗೆ ಸೇರಿ ಅವಳು ಹತ್ತು ದಾಟುತ್ತಾಳೆ. ಅತ್ತಿಗೆಯ ಎಣಿಕೆ ಮರಳಿ ಬಂದ ದಿನದಿಂದ ಶುರುವಾಗಿ ಒಂಬತ್ತು ವರ್ಷ ಒಂಬತ್ತು ತಿಂಗಳಿಗೆ ನಿಲ್ಲುತ್ತದೆ. ಇಬ್ಬರಿಗೂ ಬೇಕಾದದ್ದು ಅದೇ ನಾಲ್ಕು ತಿಂಗಳು. ಇಬ್ಬರಲ್ಲಿ ಒಬ್ಬರೇ ಖಾಯಂ ಆಗಬಹುದಿತ್ತು.

ಅತ್ತಿಗೆಗೆ ಅದು ಬೇಕಿತ್ತು. ಇದರಲ್ಲಿ ಮುಚ್ಚುಮರೆ ಏನು? ವಯಸ್ಸು ಐವತ್ಮೂರು. ಅಂದು ಮುರಿದ ಕಾಲು ಚಳಿಗೆ ಇಂದಿಗೂ ಸೆಳೆಯುತ್ತಿತ್ತು. ಜ್ವರ ಬಂದ ದಿನ ಜಾಗ ಹೋದೀತೆಂಬ ಭಯವಿಲ್ಲದೆ ಹೊದ್ದು ಮಲಗಬೇಕು, ಅಷ್ಟೇ ಅವಳ ಆಸೆ. ಕಂಪನಿಯವರು ಎರಡು ಬಸ್ ಬದಲಿಸುವ ಕಡೆಗೆ ಹಾಕಿದರೆ ಈ ಕಾಲಿಟ್ಟುಕೊಂಡು ಹೋಗುವುದು ಕನಸಿನ ಮಾತು.

ಆ ಸಂಜೆ ನಾದಿನಿ ಮಗಳನ್ನು ಕರೆತರಲು ಶಾಲೆಗೆ ಹೋಗಿದ್ದಾಗ ಅತ್ತಿಗೆ ಗಂಡನ ಮುಂದೆ ವಿಷಯ ಬಿಚ್ಚಿದಳು. ಅವನು ಸೈಕಲ್ ರಿಪೇರಿ ಮಾಡುವವನು; ಉಗುರಿನ ಗ್ರೀಸ್ ತೆಗೆಯುತ್ತಾ ಕೇಳಿಸಿಕೊಂಡ.

“ಹೆಸರು ನಿಂದು, ದಿನಾನೂ ನಿಂದೇ. ಸುಮ್ನಿದ್ಬಿಡು. ಯಾರಿಗೆ ಖಾಯಂ ಆದ್ರೂ ಬರೋದು ಈ ಮನೆಗೇ ತಾನೆ?”

“ಹಾಗಾದ್ರೆ ಅವಳಿಗೇ ಆಗ್ಲಿ ಅಂತ ಹೇಳಿ.”

“ನಾನೆಲ್ಲಿ ಹಾಗಂದೆ?”

“ನನಗೇ ಆಗ್ಲಿ ಅಂತಾನಾದ್ರೂ ಹೇಳಿ.”

“ಒಬ್ಬಳು ಹೆಂಡ್ತಿ, ಒಬ್ಬಳು ತಂಗಿ. ನನ್ನನ್ನ ಯಾಕೆ ಅಡಕತ್ತರಿಗೆ ಸಿಗಿಸ್ತೀಯ?” ಎಂದು ಅವನು ಕೈ ತೊಳೆಯಲು ಎದ್ದು ಹೋದ. ಒಳ್ಳೆಯ ಮನುಷ್ಯ, ಆದರೆ ಬೇಕಾದ ಹೊತ್ತಿಗೆ ಯಾವಾಗಲೂ ಕೈ ತೊಳೆಯಲು ಹೋಗಿರುತ್ತಾನೆ.

ಎರಡು ದಿನ ಕಳೆಯಿತು. ನಾದಿನಿ ಒಂದು ಮಾತೂ ಕೇಳಲಿಲ್ಲ. ಎಂದಿನಂತೆ ಈರುಳ್ಳಿ ಹೆಚ್ಚಿದಳು, ತಟ್ಟೆ ತೊಳೆದಳು, ಅತ್ತಿಗೆಯ ಕಾಲಿಗೆ ಬಿಸಿನೀರಿನ ಚೀಲ ತುಂಬಿ ಕೊಟ್ಟಳು. ‘ಅದು ನನ್ನ ಬೆವರು, ನನಗೆ ಕೊಡಿ’ ಎಂದು ಕೇಳಿದ್ದರೆ ಒಂದು ಜಗಳವನ್ನಾದರೂ ಆಡಬಹುದಿತ್ತು. ಹದಿಮೂರು ವರ್ಷದ ಸೇವೆಯನ್ನು ಎತ್ತಿ ಆಡಬಹುದಿತ್ತು, ಅನ್ನ ಹಾಕಿದ್ದನ್ನೂ ಎತ್ತಿ ಆಡಿಬಿಡಬಹುದಿತ್ತು. ಕೇಳದವಳ ಮೇಲೆ ಯಾವ ಬಾಯಲ್ಲಿ ಜಗಳಕ್ಕೆ ಹೋಗುವುದು? ಅತ್ತಿಗೆಗೆ ಮೈಯೆಲ್ಲ ಉರಿಯಿತು.

“ಮಾಪ್ ಹಿಂಡೋಕೂ ಬರಲ್ವೇನೆ ನಿನಗೆ?” ಎಂದು ಮೂರನೆಯ ದಿನ ಮೆಟ್ಟಿಲ ಬುಡದಿಂದ ಕೂಗಿದಳು. ಮದ್ದಿನ ಚೀಟಿ ಹಿಡಿದು ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು.

“ಹಿಂಡಿದೀನಲ್ಲ ಅತ್ತಿಗೆ.”

“ಹಿಂಡಿದ್ರೆ ನೀರ್ಯಾಕೆ ಕೆಳಗಿಳೀತಿದೆ?”

ನಾದಿನಿ ಮತ್ತೊಮ್ಮೆ ಹಿಂಡಿದಳು. ಮಾಪಿನಿಂದ ಒಂದು ಹನಿಯೂ ಬೀಳಲಿಲ್ಲ. ಅತ್ತಿಗೆಗೆ ತನ್ನ ಮೇಲೇ ನಾಚಿಕೆಯಾಯಿತು, ಆ ನಾಚಿಕೆಗೂ ನಾದಿನಿಯ ಮೇಲೆಯೇ ಸಿಟ್ಟು ಬಂತು.

ನಾಲ್ಕನೆಯ ದಿನ ಇಬ್ಬರಿಗೂ ಸಿಬ್ಬಂದಿ ವಿಭಾಗದಿಂದ ಕರೆ ಬಂತು. ಅಲ್ಲಿನ ಗುಮಾಸ್ತನನ್ನು ಕೆಲಸಗಾರರೆಲ್ಲ ಹಿಂದಿನಿಂದ ನಿಧಾನಪ್ಪ ಎನ್ನುತ್ತಿದ್ದರು. ಕಡತದ ದಾರವನ್ನು ಮೂರು ಸಲ ಕಟ್ಟಿ ನಾಲ್ಕು ಸಲ ಬಿಚ್ಚುವ ಮನುಷ್ಯ. ಅವನ ಮೇಜಿನ ಮೇಲೆ ಹಳೆಯ ಹಾಜರಿ ಪುಸ್ತಕಗಳು ಗದ್ದದ ಎತ್ತರಕ್ಕೆ ಬೆಳೆದಿದ್ದವು. ಹಾಳೆ ತಿರುವಿದಾಗಲೆಲ್ಲ ಧೂಳೆದ್ದು ಸೀನುತ್ತಿದ್ದ.

“ಕೂತ್ಕೊಳ್ಳಿ,” ಎಂದ. ಹದಿಮೂರು ವರ್ಷದಲ್ಲಿ ಆ ಕೋಣೆಯಲ್ಲಿ ಅತ್ತಿಗೆಗೆ ಯಾರೂ ಕೂರಲು ಹೇಳಿರಲಿಲ್ಲ. ಇಬ್ಬರೂ ಕುರ್ಚಿಯ ಅಂಚಿನಲ್ಲಿ ಕೂತರು.

ನಿಧಾನಪ್ಪ ಒಂದು ಪುಸ್ತಕವನ್ನು ಅವರ ಕಡೆಗೆ ತಿರುಗಿಸಿದ. “ಅಮ್ಮ, ಇಲ್ಲಿವರೆಗೆ ನಿಮ್ಮ ಸಹಿ ಹೀಗಿದೆ.” ಅತ್ತಿಗೆಯ ಹೆಸರಿನ ಅಕ್ಷರಗಳು ಗೆರೆ ಬಿಟ್ಟು ಮೇಲಕ್ಕೆ ಹತ್ತುತ್ತಿದ್ದವು. ಹಾಳೆ ತಿರುವಿದ. “ಇಲ್ಲಿಂದ ಇಷ್ಟು ತಿಂಗಳು ಮುತ್ತು ಪೋಣಿಸಿದ ಹಾಗಿದೆ. ಆಮೇಲೆ ಮತ್ತೆ ಮೊದಲಿನಂಗೇ. ಇದು ನಿಮ್ಮ ಕೈನಾ?”

ಅತ್ತಿಗೆ ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಮಾತು ಬಂತು.

“ಅವರದೇ ಸಾರ್,” ಎಂದಳು ನಾದಿನಿ. “ಆಗ ಕನ್ನಡಕ ಹೊಸದು. ಅಕ್ಷರ ಚೆನ್ನಾಗಿ ಬರ್ತಿತ್ತು.”

ಅತ್ತಿಗೆ ಹುಟ್ಟಿದಾರಭ್ಯ ಕನ್ನಡಕ ಹಾಕಿದವಳಲ್ಲ. ನಿಧಾನಪ್ಪ ಅವಳ ಬರಿಗಣ್ಣನ್ನು ನೋಡಿದ, ನಾದಿನಿಯನ್ನು ನೋಡಿದ, ಒಂದು ಅಚ್ಚು ಹಾಕಿದ ಹಾಳೆಯನ್ನೂ ಪೆನ್ನನ್ನೂ ಅತ್ತಿಗೆಯ ಮುಂದಕ್ಕೆ ಸರಿಸಿದ.

“ಹಾಗಿದ್ರೆ ಇದಕ್ಕೆ ಸಹಿ ಹಾಕಿ. ಎಲ್ಲಾ ದಿನಾನೂ ನಾನೇ ದುಡಿದದ್ದು ಅಂತಿದೆ. ಹಾಕಿದ್ರೆ ನೀವು ಖಾಯಂ, ಅವರು ಕಂಪನಿಗೆ. ಇವತ್ತೇ ಕಡೇ ದಿನ.”

ಅತ್ತಿಗೆ ಪೆನ್ನು ಹಿಡಿದಳು. ಹಿಡಿದೇ ಇದ್ದಳು. ಮೂರು ದಿನದಿಂದ ಇವಳು ಕೇಳಲಿ, ಕೇಳಿದರೆ ಕೊಡುವುದಿಲ್ಲ ಎನ್ನೋಣ ಎಂದು ಕಾದಿದ್ದಳು. ಈಗ ನೋಡಿದರೆ ಇವಳು ಕೇಳಲೂ ಇಲ್ಲ, ಇದ್ದದ್ದನ್ನೂ ತಾನೇ ಎತ್ತಿ ಕೊಟ್ಟುಬಿಟ್ಟಳು, ಅದೂ ಒಂದು ದರಿದ್ರ ಕನ್ನಡಕದ ಸುಳ್ಳು ಹೇಳಿ. ಅತ್ತಿಗೆಗೆ ಸಿಟ್ಟು ಬಂತು. ನಗುವೂ ಬಂತು.

“ಸಾರ್, ಇವಳಿಗೆ ನೆಟ್ಟಗೆ ಒಂದು ಸುಳ್ಳು ಹೇಳೋಕೂ ಬರಲ್ಲ,” ಎಂದಳು. “ಇದು ಇವಳ ಕೈ. ನಾನು ಆಗ ಕಾಲು ಮುರ್ಕೊಂಡು ಮನೇಲಿ ಬಿದ್ದಿದ್ದೆ.”

“ಅತ್ತಿಗೆ, ಬೇಡ. ನಿಮ್ಮ ಕಾಲು...”

“ಕಾಲು ನಂದು. ನೀನು ಸುಮ್ನಿರು.”

“ಯೋಚನೆ ಮಾಡಿ ಹೇಳಿ ಅಮ್ಮ,” ಎಂದ ನಿಧಾನಪ್ಪ. “ನಾನು ಬರ್ಕೊಂಡ್ರೆ ಮುಗೀತು. ನಿಮಗೆ ಮೂರು ತಿಂಗಳು ಕಮ್ಮಿ ಬೀಳುತ್ತೆ. ಒಂದನೇ ತಾರೀಕಿಂದ ಕಂಪನಿ. ಮೊದಲಿನ ಮೂರು ವರ್ಷಾನೂ ಹೋಯ್ತು.”

“ಗೊತ್ತು ಸಾರ್. ಆ ಮೂರು ವರ್ಷ ಇಲ್ಲಿ ಕಸ ಗುಡಿಸಿದ್ದು ಯಾರು ಅಂತ ನಿಮ್ಮ ಕಾಯಿದೆ ಕೇಳಿದ್ರೆ, ಗಾಳಿ ಅಂತ ಬರ್ಕೊಳ್ಳಿ.” ಅವಳು ಪೆನ್ನನ್ನು ಮೇಜಿನ ಮೇಲಿಟ್ಟಳು. “ಆದ್ರೆ ಆ ನಾಲ್ಕು ತಿಂಗಳು ನಂದಲ್ಲ.”

ನಿಧಾನಪ್ಪ ದೊಡ್ಡದಾಗಿ ಸೀನಿ, ಕರವಸ್ತ್ರ ತೆಗೆದು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮುಖ ಒರೆಸಿಕೊಂಡ. ಆಮೇಲೆ ಒಂದು ಬಿಳಿ ಹಾಳೆ ತೆಗೆದ. “ಕೈ ತಾಳೆ ನೋಡಬೇಕಾಗುತ್ತೆ. ಆಗ ಬರೆದವರು ಅದೇ ಹೆಸರನ್ನ ಮೂರು ಸಲ ಬರೀಲಿ.”

ನಾದಿನಿ ಕೈ ಮಡಿಲಲ್ಲಿ ಮುದುಡಿಕೊಂಡು ಕೂತಿದ್ದಳು. ಅತ್ತಿಗೆ ಆ ಕೈಯನ್ನು ಎಳೆದು ಮೇಜಿನ ಮೇಲಿಟ್ಟು, ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿದಳು. “ಬರಿ. ಅವರಿಗೂ ಊಟದ ಹೊತ್ತಾಯ್ತು.”

ಮೊದಲನೆಯ ಸಲ ಅಕ್ಷರ ಸೊಟ್ಟಗಾಯಿತು. ಎರಡನೆಯ ಸಲ ನೆಟ್ಟಗಾಯಿತು. ಮೂರನೆಯದು ಪುಸ್ತಕದಿಂದಲೇ ಎತ್ತಿ ಇಟ್ಟಂತೆ ಬಂತು. ಅತ್ತಿಗೆ ಬಗ್ಗಿ ನೋಡಿದಳು. ತನ್ನ ಹೆಸರು ಇಷ್ಟು ಚೆಂದ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ನಿಧಾನಪ್ಪ ಹಾಳೆ ತೆಗೆದುಕೊಳ್ಳಲು ಕೈ ಚಾಚಿದ. ನಾದಿನಿ ತಲೆ ಎತ್ತಲಿಲ್ಲ, ಪೆನ್ನೂ ಬಿಡಲಿಲ್ಲ. ಅದರ ಕೆಳಗೆ ನಾಲ್ಕನೆಯ ಸಲ ಅತ್ತಿಗೆಯ ಹೆಸರು ಬರೆದಳು, ಮತ್ತೆ ಐದನೆಯ ಸಲ ಬರೆಯತೊಡಗಿದಳು. ನಿಧಾನಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕಾದ.