ಮಲ್ಲಿಯ ಕೈಗುಣ

ಊಟಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಬಿಸಿಲು ಬೀಳದ ಜಾಗ. ಜನವರಿಯಲ್ಲಿ ಸ್ಕ್ರೂಡ್ರೈವರ್ ಹಿಡಿದರೆ ಬೆರಳು ಮರಗಟ್ಟುತ್ತದೆ. ತೊಂಬತ್ತೊಂಬತ್ತರಲ್ಲಿ ಇಡೀ ಪೇಟೆಗೆ ನಾನೇ ದೊಡ್ಡ ಡಾಕ್ಟರು ಎಂದುಕೊಂಡಿದ್ದೆ. ಬೇರೆ ಯಾರೂ ಹಾಗೆ ಹೇಳಿದ ನೆನಪಿಲ್ಲ.

ಆ ಜನವರಿಯಲ್ಲಿ ಬೆಟ್ಟದ ಕೆಳಗಿನ ಮಸಿನಗುಡಿಯ ಸಿದ್ದಾಜಮ್ಮ ತಮ್ಮ ಮಗಳು ಮಲ್ಲಿಯನ್ನು ಕರೆದುಕೊಂಡು ಬಂದರು. ಟೈಪಿಂಗ್ ಹೈಯರ್ ಪಾಸಾದ ಹುಡುಗಿ. ಊರಿನ ಶಾಲೆಯಲ್ಲಿ ಜೂನ್‌ನಿಂದ ಕಂಪ್ಯೂಟರ್ ಪಾಠ ಶುರುವಾಗುವುದಿತ್ತು. ಮಾರ್ಚಿನಲ್ಲಿ ತನ್ನದೇ ಮಿಷಿನ್ ಒಯ್ದು ಒಂದು ದಿನ ಪಾಠ ಮಾಡಿ ತೋರಿಸಿದರೆ ಆ ಕೆಲಸ ಅವಳಿಗೆ. ಆ ಮಿಷಿನ್ ನಾನು ಜೋಡಿಸಿಕೊಟ್ಟೆ. ಪ್ರೊಸೆಸರ್‌ನ ವೇಗ ಮುನ್ನೂರು ಮೆಗಾಹರ್ಟ್ಸ್. ಮಿಷಿನ್ ಏಳುವಾಗ ಡಿಲೀಟ್ ಒತ್ತಿದರೆ ಬಯಾಸ್ ಎಂಬ ನೀಲಿ ಪುಟ ತೆರೆಯುತ್ತದೆ. ಅಲ್ಲಿ ಒಂದು ಅಂಕಿ ತಿದ್ದಿದರೆ ಅದೇ ಪ್ರೊಸೆಸರ್ ನಾನೂರೈವತ್ತರಲ್ಲಿ ಓಡುತ್ತದೆ. ತಿದ್ದಿದೆ. ಯಾರೂ ಕೇಳಿರಲಿಲ್ಲ. "ನೋಡು, ಹೆಂಗೆ ಓಡುತ್ತೆ!" ಎಂದು ಜಂಬ ಕೊಚ್ಚಿಕೊಂಡೆನೇ ಹೊರತು ಏನು ಮಾಡಿದೆನೆಂದು ಹೇಳಲಿಲ್ಲ.

ಫೆಬ್ರವರಿಯಲ್ಲಿ ಮಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಕಲ್ಲಟ್ಟಿ ಘಾಟಿಯ ಮೂವತ್ತಾರು ತಿರುವು ಹತ್ತಿ ಬಂದಳು.

"ಅಣ್ಣ, ಬೆಳಿಗ್ಗೆ ಚೆಂದಾಗಿ ಓಡ್ತದ. ಹನ್ನೊಂದು ಗಂಟೆ ಆಯ್ತಿದ್ದಂಗೆ ಹಂಗೇ ನಿಂತೋಯ್ತದ. ಬಾಣದ ಗುರ್ತೂ ಅಳ್ಳಾಡಲ್ಲ."

ಎರಡು ದಿನ ಓಡಿಸಿ ನೋಡಿದೆ. ನನ್ನ ಅಂಗಡಿಯಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ನಿಮ್ಮೂರಿನ ಕರೆಂಟು ಸರಿಯಿಲ್ಲ ಎಂದು ಕಳಿಸಿದೆ. ಹತ್ತು ದಿನಕ್ಕೆ ಮತ್ತೆ ಬಂದಳು, ಮತ್ತೆ ಓಡಿತು. ಮೂರನೆಯ ಸಲ ಸಿದ್ದಾಜಮ್ಮನೂ ಜೊತೆಗಿದ್ದರು. ಅಂಗಡಿಯಲ್ಲಿ ಅವರೂರಿನವರೇ ಇನ್ನಿಬ್ಬರಿದ್ದರು. ನನಗೆ ರೇಗಿತು.

"ಮಿಷಿನ್‌ಗೇನೂ ಆಗಿಲ್ಲ ಕಣಮ್ಮ. ನನ್ನ ಕೈಲಿ ಓಡುತ್ತೆ, ಇವಳ ಕೈಲಿ ನಿಲ್ಲುತ್ತೆ. ನಿಮ್ಮ ಮಗಳ ಕೈಗುಣ ಸರಿಯಿಲ್ಲ, ಅಷ್ಟೆ."

ಆ ಇಬ್ಬರು ನಕ್ಕರು. ಮಲ್ಲಿ ತನ್ನ ಅಂಗೈ ನೋಡಿಕೊಂಡಳು. ಅವರ ಕೇರಿಯಲ್ಲಿ ಮೊದಲ ಬೀಜ ಹಾಕಲು ಕೈಗುಣ ಇದ್ದವರನ್ನೇ ಕರೆಯುತ್ತಾರೆ, ವರ್ಷವರ್ಷವೂ ಕರೆಯುತ್ತಿದ್ದುದು ಮಲ್ಲಿಯನ್ನು ಎಂದು ಆಗ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಬಾಯಿ ಮುಚ್ಚುತ್ತಿದ್ದೆನೆಂದು ಹೇಳಲಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಏಪ್ರಿಲ್‌ನಲ್ಲಿ ಮಸಿನಗುಡಿಯ ಒಂದು ಲಾಡ್ಜಿಗೆ ಪ್ರಿಂಟರ್ ಕೂರಿಸಲು ಹೋಗಿದ್ದೆ. ಸಿದ್ದಾಜಮ್ಮ ದಾರಿಯಲ್ಲಿ ಸಿಕ್ಕಿ ಮನೆಗೆ ಕರೆದರು. ತಗಡಿನ ಮಾಡು, ಬೆಳಿಗ್ಗೆ ಹತ್ತಕ್ಕೇ ಸೆಕೆ. ಮಿಷಿನ್ನಿನ ಮೇಲೆ ಹಳೇ ಸೀರೆಯ ತುಂಡು ಹೊದಿಸಿದ್ದರು. ಮಾರ್ಚಿನಲ್ಲಿ ಶಾಲೆಯವರ ಎದುರಿಗೇ ಅದು ನಿಂತಿತಂತೆ, ಕೆಲಸ ಬೇರೆಯವರಿಗಾಯಿತಂತೆ.

ನಾನೇ ಕೂತು ಚಾಲೂ ಮಾಡಿದೆ. ಮುಕ್ಕಾಲು ಗಂಟೆಗೆ ನನ್ನ ಕೈಯಲ್ಲೇ ನಿಂತಿತು. ಮುಚ್ಚಳ ತೆಗೆದು ಪ್ರೊಸೆಸರ್ ಪಕ್ಕ ಬೆರಳಿಟ್ಟೆ, ಸುಟ್ಟಿತು. ನೀಲಿ ಪುಟ ತೆರೆದೆ. ನಾನು ತಿದ್ದಿದ ಅಂಕಿ ಹಾಗೇ ಕೂತಿತ್ತು. ವೇಗ ಹೆಚ್ಚಿದಷ್ಟೂ ಪ್ರೊಸೆಸರ್ ಕಾಯುತ್ತದೆ. ಊಟಿಯ ಚಳಿ ಆ ಕಾವನ್ನು ನುಂಗುತ್ತಿತ್ತು. ಇಲ್ಲಿ ನುಂಗುವವರು ಯಾರು? ಮುನ್ನೂರಕ್ಕೆ ಇಳಿಸಿದೆ. ಸಂಜೆ ನಾಲ್ಕರವರೆಗೂ ಒಂದೇ ಸಮನೆ ಓಡಿತು.

"ಏನಾಗಿತ್ತಣ್ಣ?" ಎಂದಳು ಮಲ್ಲಿ.

ನಾನು ಮಾಡಿದ್ದು ಎನ್ನಲು ಎಷ್ಟು ಹೊತ್ತು ಬೇಕು? "ಏನೋ ಸಣ್ಣದು" ಎಂದೆ.

"ನಿಮ್ ಕೈಗುಣ ಅಣ್ಣ," ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

ಹಿಂದಿನ ದಿನ ಮಳೆ ಬಿದ್ದಿತ್ತು. ಹಿತ್ತಲಲ್ಲಿ ಕುಂಬಳಕ್ಕೆ ಗುಂಡಿ ತೆಗೆದಿದ್ದರು. ಸಿದ್ದಾಜಮ್ಮ ನನ್ನನ್ನು ಅಲ್ಲಿಗೆ ಕರೆದೊಯ್ದರು.

"ಈ ಸಲ ಮಲ್ಲಿ ಕೈಲಿ ಯಾರೂ ಬೀಜ ಹಾಕಿಸ್ನಿಲ್ಲ. ನಾನೂ ಹಾಕಿಸ್ನಿಲ್ಲ. ನೀವೇ ಎರಡು ಹಾಕ್ಬುಡಿ ಪುಟ್ಟರಾಜಪ್ಪ."

ಮಲ್ಲಿ ಮೊರ ಹಿಡಿದು ನಿಂತಿದ್ದಳು. ಬೀಜಕ್ಕೆ ಕೈ ತಾಗದಂತೆ ಅಂಚಿನಲ್ಲಿ ಹಿಡಿದಿದ್ದಳು. ಆಗಲಾದರೂ ಹೇಳಬಹುದಿತ್ತು. ಅಂಗಡಿಯ ಹೆಸರು ಹೋದೀತೆಂಬ ಭಯ. ಬಗ್ಗಿ ಬೀಜ ಹಾಕಿ ಮಣ್ಣು ಮುಚ್ಚಿದೆ.

ಆಗಸ್ಟಿನಲ್ಲಿ ಮಸಿನಗುಡಿ ಬಸ್ಸಿನ ಕಂಡಕ್ಟರ್ ಭೋಜನ್ ದೊಡ್ಡದೊಂದು ಕುಂಬಳಕಾಯಿ ತಂದು ನನ್ನ ಮೇಜಿನ ಮೇಲಿಟ್ಟ. "ಸಿದ್ದಾಜಮ್ಮ ಕಳ್ಸವ್ರೆ. ನೀವು ಹಾಕಿದ್ದಂತಲ್ಲ, ಬಳ್ಳಿ ತುಂಬ ಕಾಯಂತೆ. ಇನ್ಮೇಲೆ ಕೇರಿಯೋರೆಲ್ಲ ನಿಮ್ಮನ್ನೇ ಕರೀತಾರಂತೆ" ಎಂದ.

ಅದೇ ಬಸ್ಸು ಹತ್ತಿ ಹೋಗಬೇಕಿತ್ತು. ಹೋಗಲಿಲ್ಲ. ಕಾಯಿಯನ್ನು ಹೆಚ್ಚಲೂ ಆಗಲಿಲ್ಲ, ಬಿಸಾಡಲೂ ಆಗಲಿಲ್ಲ. ನನ್ನ ಅಂಗಡಿಯ ಚಳಿಗೆ ಅದು ಫೆಬ್ರವರಿಯವರೆಗೂ ಕೆಡದೆ ಕಣ್ಣೆದುರಿಗೇ ಇತ್ತು.