ಕಮಲಾಪುರದ ನಡಾವಳಿ

ಸಭೆ ಇನ್ನೂ ಶುರುವಾಗಿರಲಿಲ್ಲ. 'ಯಾರೂ ಆಕ್ಷೇಪಿಸಲಿಲ್ಲ' ಎಂಬಲ್ಲಿಗೆ ಜಯತೀರ್ಥ ನಡಾವಳಿ ಬರೆದು ಮುಗಿಸಿದ್ದ.

ಕಲಬುರಗಿಯ ಭೂಸ್ವಾಧೀನ ಆಫೀಸಿನಲ್ಲಿ ಅದೇ ಪದ್ಧತಿ. ಬೆಳಿಗ್ಗೆಯೇ ಬರೆದಿಡುವುದು, ಬಂದವರ ಸಂಖ್ಯೆಗೆ ಮಾತ್ರ ಜಾಗ ಬಿಡುವುದು. ಜನರ ಅಭಿಪ್ರಾಯ ಜನರಿಗಿಂತ ಮೊದಲೇ ಜೀಪಿನಲ್ಲಿ ಕಮಲಾಪುರ ಮುಟ್ಟುತ್ತಿತ್ತು. ಎಂ.ಎ. ಓದಿದವನು, ಅಕ್ಷರ ಚಂದ. ಅದಕ್ಕೇ ಈ ಕೆಲಸ ಅವನಿಗೆ.

ಶಾಲೆಯ ಪಡಸಾಲೆಯಲ್ಲಿ ಹನ್ನೊಂದು ಜನ ಕೂತಿದ್ದರು. ಗೋಡೆಗೆ ಬೈಪಾಸ್ ರಸ್ತೆಯ ನಕ್ಷೆ. ನೆಟ್ಟಗೆ ಬಂದ ಗೆರೆ ಯಾವನೋ ಸಾಹುಕಾರನ ಪ್ಲಾಟುಗಳನ್ನು ಕಂಡು, ತಪ್ಪು ಮಾಡಿದವನಂತೆ ಪಕ್ಕಕ್ಕೆ ಸರಿದು, ಶಿವಕಾಂತಮ್ಮನ ಕೆಂಪು ಬಾಳೆಯ ತೋಟಕ್ಕೆ ಹೊಕ್ಕಿತ್ತು. ಸುತ್ತು ಮೂರು ಕಿಲೋಮೀಟರು ಹೆಚ್ಚು. ಅದರ ಖರ್ಚು ಸರಕಾರದ್ದು, ಅಂದರೆ ಯಾರದೂ ಅಲ್ಲ ಎಂದು ಆಫೀಸಿನ ಸಾಹೇಬರು ಬರುವಾಗ ಜೀಪಿನಲ್ಲಿ ನಕ್ಕಿದ್ದರು.

ಶಿವಕಾಂತಮ್ಮ ಎದ್ದು ನಿಂತಳು.

"ನೆಟ್ಟಗ ಹೊಂಟ ರಸ್ತಾ ನನ್ನ ತ್ವಾಟದಾಗ ಯಾಕ ಬಾಗ್ಯಾದ್ರಿ?"

"ಅದು ಟೆಕ್ನಿಕಲ್ ವಿಷಯ, ಅಮ್ಮಾ," ಎಂದರು ಸಾಹೇಬರು.

"ಈ ಟೆಕ್ನಿಕಲ್ ಅಂಬಾಂವ ಪ್ಲಾಟಿನ ಸಾವ್ಕಾರಗ ಬೀಗ ಆಗಬೇಕೇನ್ರಿ?"

ಜನ ನಕ್ಕರು. ಸಾಹೇಬರು ನಗಲಿಲ್ಲ, ಬರೆದುಕೋ ಎಂದು ಜಯತೀರ್ಥನಿಗೆ ಸನ್ನೆ ಮಾಡಿದರು. ಅವಳು ಹೇಳುತ್ತ ಹೋದಳು: ಇದೊಂದೇ ತೋಟ, ಆರು ಹೊಟ್ಟೆ, ಬೇರೆ ನೆಲ ಇಲ್ಲ, ಕೊಡುವುದಿಲ್ಲ. ಜಯತೀರ್ಥ ಪೆನ್ನಿನ ಮೂತಿಯನ್ನು ಕಾಗದಕ್ಕೆ ತಾಗಿಸದೆ, ಬರೆದ ಸಾಲುಗಳ ಮೇಲೆಯೇ ಆಡಿಸಿದ. ರೂಢಿಯ ಕೈ.

ಆದರೆ ಆ ಊರಲ್ಲಿ ಓದಿಸಿ ಕೇಳದೆ ಯಾರೂ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಮೋಸ ಹೋಗಿ ಹೋಗಿ ಕಲಿತ ಎಚ್ಚರ.

"ಓದ್ರಿ," ಎಂದಳು.

ಅವನು ಓದಿದ. ಕಾಗದದಲ್ಲಿ ಇಲ್ಲದ್ದನ್ನು ಓದಿದ. ಒಬ್ಬನ ಪ್ಲಾಟು ಉಳಿಸಲು ಊರ ದುಡ್ಡಿನಲ್ಲಿ ರಸ್ತೆ ಬಾಗಿಸುವುದು ಅನ್ಯಾಯ. ಶಿವಕಾಂತಮ್ಮನ ತೋಟ ಮುಟ್ಟಕೂಡದು. ಕಾಲೇಜು ಬಿಟ್ಟ ಮೇಲೆ ಇಷ್ಟು ನಿಜ ಅವನ ಬಾಯಿಂದ ಬಂದಿರಲಿಲ್ಲ.

"ನಾ ಅಂದಿದ್ದಕ್ಕಿಂತ ಚಂದ ಬರದೀರಿ ನನ್ನಪ್ಪಾ."

ಹೆಬ್ಬೆಟ್ಟು ಒತ್ತಿದಳು. ಅವಳನ್ನು ನೋಡಿ ಉಳಿದ ಹತ್ತೂ ಜನ. 'ಯಾರೂ ಆಕ್ಷೇಪಿಸಲಿಲ್ಲ' ಎಂಬುದರ ಕೆಳಗೆ ಹನ್ನೊಂದು ನೀಲಿ ಗುರುತು.

ಸಾಹೇಬರು ಕಾಗದ ಮಡಚಿ ಚೀಲಕ್ಕೆ ಹಾಕಿದರು. ಜೀಪು ಹೊರಟ ಮೇಲೆ, "ನಿಮ್ಮ ಮನೆತನದಾಗ ಕೀರ್ತನಕಾರರು ಇದ್ದರೇನು?" ಎಂದರು.

"ಇಲ್ರಿ."

ಊರ ಹೊರಗೆ ಜೀಪು ನಿಂತಿತು. ತೋಟದಲ್ಲಿ ಗುಂಡಣ್ಣ ಎಂಬ ಕೂಲಿಯವನು ಬಾಳೆಗಳ ನಡುವೆ ರಸ್ತೆಯ ಗುರುತಿಗೆ ಸುಣ್ಣದ ಗೆರೆ ಹಾಕುತ್ತಿದ್ದ. ಮುಂಜಾನೆಯೇ ಶುರು ಮಾಡಿದ್ದನಂತೆ. ಅಡ್ಡದಾರಿಯಿಂದ ಓಡಿಬಂದ ಶಿವಕಾಂತಮ್ಮ ಅವನ ಬುಟ್ಟಿ ಹಿಡಿದುಕೊಂಡಿದ್ದಳು. ಜೀಪು ಕಂಡು ಅವಳಿಗೆ ಜೀವ ಬಂತು.

"ಹೇಳ್ರಿ ಇವಗ, ಕಾಗದದಾಗ ಏನು ಬರದೀರಂತ."

ಚೀಲ ಸಾಹೇಬರ ತೊಡೆಯ ಮೇಲಿತ್ತು. ಜಯತೀರ್ಥ ಬಾಯಿ ತೆರೆದ. ಕೈಯಲ್ಲಿ ಕಾಗದವಿಲ್ಲದೆ ಅವನಿಗೆ ಒಂದು ಮಾತೂ ಹೊರಡಲಿಲ್ಲ.

ಗುಂಡಣ್ಣ ಬುಟ್ಟಿ ಬಿಡಿಸಿಕೊಂಡು ಮುಂದೆ ನಡೆದ. ಗೆರೆ ಬಾವಿಯ ದಂಡೆಗೆ ಬಂತು. ಅವನು ತುಸು ನಿಂತ. ಬೊಗಸೆ ತುಂಬ ಸುಣ್ಣ ಬಾವಿಯೊಳಗೆ ಎಸೆದ. ಸುತ್ತಿ ಹೋಗಿ ಆಚೆಯ ದಂಡೆಯಿಂದ ಮತ್ತೆ ಎಳೆಯತೊಡಗಿದ. ಗೆರೆ ಎಲ್ಲಿಯೂ ಕಡಿಯಬಾರದೆಂದು ಆಫೀಸಿನ ಹುಕುಂ ಇತ್ತು.

ಕೆಳಗೆ ನೀರು ಮೆಲ್ಲಗೆ ಬಿಳಿಚಿಕೊಳ್ಳುತ್ತಿತ್ತು.