ಫ್ರಿಜ್ಜಿನ ಮೇಲಿಟ್ಟ ಔಷಧಿ

ಮಾತು ಕೊಡುವಾಗ ನನ್ನಷ್ಟು, ಈ ನೀಲಗಂಗಮ್ಮನಷ್ಟು, ಧಾರಾಳಿ ಜರಗನಹಳ್ಳಿಯಲ್ಲೇ ಇರಲಿಲ್ಲ. ತೊಂಬತ್ತಾರರ ಬೇಸಿಗೆಯಲ್ಲಿ ನಮ್ಮ ಮಹಡಿಗೆ ಬಾಡಿಗೆಗೆ ಬಂದ ಶರಣಮ್ಮನಿಗೆ ಸಕ್ಕರೆ ಕಾಯಿಲೆ. ಅವರಲ್ಲಿ ಫ್ರಿಜ್ ಇರಲಿಲ್ಲ. "ನಮ್ಮ ಫ್ರಿಜ್ಜಲ್ಲೇ ಇಡಿ, ಅದಕ್ಕೇನಂತೆ!" ಅಂದುಬಿಟ್ಟೆ. ಅವಳ ಇನ್ಸುಲಿನ್ ಬಾಟಲಿ ನಮ್ಮ ಹಾಲಿನ ಪಾತ್ರೆಯ ಪಕ್ಕ ಕೂತಿತು.

ಸುಮ್ಮನಿರಲಾರದೆ ಒಂದು ದಿನ ಅವಳ ಮಗ ಸಂಗಮೇಶನನ್ನು ಕೇಳಿದೆ, ಇದನ್ನು ಯಾತರಿಂದ ಮಾಡ್ತಾರಪ್ಪ ಅಂತ. ಪ್ರೋಟೀನುಗಳ ಮೇಲೆ ಸಂಶೋಧನೆ ಮಾಡುವವನು, ಸುಳ್ಳು ಹೇಳಲು ಬಾರದು. "ಹಂದೀದು ರೀ ಅಕ್ಕಾರ" ಅಂದ.

ಲಿಂಗಪೂಜೆಯ ಹಾಲಿನ ಪಕ್ಕ ಹಂದಿ! ತೆಗೀರಿ ಅನ್ನಲು ಮುಖವಿಲ್ಲ, ಇಟ್ಟುಕೊಳ್ಳಲು ಮನಸ್ಸಿಲ್ಲ. ಶರಣಮ್ಮ ಸೂಜಿ ಚುಚ್ಚಿಕೊಂಡು ಮೇಲೆ ಹೋದ ಕೂಡಲೇ ಬಾಟಲಿಯನ್ನು ಫ್ರಿಜ್ಜಿನ ಮೇಲೆ, ಸ್ಟೆಬಿಲೈಜರ್ ಪಕ್ಕ ಇಡುತ್ತಿದ್ದೆ. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿದರೆ ಬಾಗಿಲು ಒಮ್ಮೆ ತೆಗೆದು ಮುಚ್ಚಿ, ಒಳಗಿನಿಂದ ತಂದವಳಂತೆ ಕೈಗೆ ಕೊಡುತ್ತಿದ್ದೆ. ನನ್ನ ಜಾಣತನಕ್ಕೆ ನಾನೇ ಬೀಗಿದ್ದೂ ಉಂಟು.

ಮೂರನೇ ವಾರ ಶರಣಮ್ಮ ಬಟ್ಟೆ ಒಣಹಾಕುತ್ತಿದ್ದವಳು ಅಲ್ಲೇ ಕುಸಿದಳು. ಸಕ್ಕರೆ ಮಿತಿ ಮೀರಿತ್ತು. ನಾಲ್ಕು ದಿನ ನರ್ಸಿಂಗ್ ಹೋಮಿನಲ್ಲಿದ್ದು, ಹೇಗೋ ಬದುಕಿ ಬಂದಳು. ಹಣ್ಣು ಹಿಡಿದುಕೊಂಡು ಮಹಡಿಗೆ ನೋಡಲು ಹೋದೆ.

ಸಂಗಮೇಶ ತಾಯಿಯ ಕಾಲ ಬಳಿ ಕೂತಿದ್ದ. ಉಳಿದ ಔಷಧಿಯನ್ನು ಲ್ಯಾಬಿನ ದೊಡ್ಡ ಮೈಕ್ರೋಸ್ಕೋಪಿನಲ್ಲಿ ನೋಡಿದ್ದನಂತೆ. ಫೋಟೋ ತೋರಿಸಿದ. ಶಾವಿಗೆ ಚೆಲ್ಲಿದಂತೆ ಬರೀ ಎಳೆಗಳು.

"ಕಾವು, ಅಲುಗಾಟ ಎರಡೂ ಸಿಕ್ರ ಇನ್ಸುಲಿನ್ ಕಣದ ಆಕಾರ ಬದಲಾಗ್ತದರಿ. ಯಾರೂ ಜೋಡಿಸಬೇಕಿಲ್ಲ, ತಾವ ಒಂದಕ್ಕೊಂದು ಹೊಂದಿಕೊಂಡು ಎಳಿ ಆಗ್ತಾವ. ಆಮ್ಯಾಲೆ ಆ ಔಷಧ ಕೆಲಸ ಮಾಡಂಗಿಲ್ಲ." ಅವನು ಫೋಟೋ ಬೋರಲು ಹಾಕಿದ. "ಇದ ನನ್ನ ಪಿಎಚ್‌ಡಿ ವಿಷಯ ರೀ. ಉರಿಬಿಸಿಲಾಗ ಬಸ್ಸಿನಾಗ ಕುಲುಕಿಸಿಕೊಂಡು ತಂದಾಂವ ನಾನ. ನಮ್ಮವ್ವನ್ನ ನಾನ ಕೊಲ್ಲತಿದ್ದೆ."

ಮೋಟಾರ್ ಶುರುವಾದಾಗಲೆಲ್ಲ ನಮ್ಮ ಹಳೇ ಫ್ರಿಜ್ ಗಡಗಡ ನಡುಗುತ್ತಿದ್ದದ್ದು, ಸ್ಟೆಬಿಲೈಜರ್ ಮುಟ್ಟಲಾಗದಷ್ಟು ಕಾಯುತ್ತಿದ್ದದ್ದು ನೆನಪಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತಲೂ ಒಂದು ಕ್ಷಣ ಅನ್ನಿಸಿತು. ನಾಚಿಕೆಗೆಟ್ಟವಳು ನಾನು.

"ನೀನಲ್ಲಪ್ಪ, ನಾನು" ಅಂದೆ. "ದಿನಾ ಫ್ರಿಜ್ಜಿಂದ ತೆಗೆದು ಮೇಲಿಡ್ತಿದ್ದೆ. ಹಂದೀದು ಅಂತ."

ಸಂಗಮೇಶ ಬಾಯಿ ತೆರೆಯುವ ಮೊದಲೇ ಶರಣಮ್ಮ ಮಲಗಿದಲ್ಲಿಂದಲೇ ನನ್ನ ಕೈ ಹಿಡಿದಳು. "ನನಗ ಗೊತ್ತಿತ್ರಿ ಅಕ್ಕಾರ. ನೀವು ಕೊಡುವಾಗ ಬಾಟ್ಲಿ ಬೆಚ್ಚಗ ಇರ್ತಿತ್ತು."

"ಮತ್ತೆ ಕೇಳಬಾರದಾಗಿತ್ತೇನ್ರೀ?" ನಾನು ಕಿರುಚಿಯೇಬಿಟ್ಟೆ.

"ಕೇಳಿದ್ರ ಮನಿ ಬಿಡ್ರಿ ಅಂತೀರೇನೋ ಅಂತ ಅಂಜಿದೆ." ನನ್ನ ಕೈ ಬಿಡದೆ ಅವಳು ಮಗನ ಮುಖ ನೋಡಿದಳು, ಆಮೇಲೆ ನನ್ನದು. "ಈಗ ಬಿಡಸೂದಿಲ್ಲ ಅಲ್ರೀ?"